ಆರು ಚಕ್ರದ ಕಾರಿಗೆ ಅಂಟು ಕೊನೆಗೆ

ಜಪಾನಿನ ಶಿಜುವೊಕಾದ ತಮಿಯಾ ಕಂಪನಿಯ 1/12 ಅಳತೆಯ ಟಿರೆಲ್ ಪಿ34 ಕಿಟ್ ಕಷ್ಟದ್ದು ಎನ್ನುವವರು ಸಾಮಾನ್ಯವಾಗಿ ಅದರ ಬಿಡಿಭಾಗಗಳ ರಾಶಿಯನ್ನು ತೋರಿಸುತ್ತಾರೆ. ಭಾಗಗಳು ಹೆಚ್ಚಾದರೆ ಕೆಲಸದ ದಿನಗಳು ಹೆಚ್ಚುತ್ತವೆ, ಅಷ್ಟೇ. ನಿಜವಾದ ಕಷ್ಟ ಮೂಲ ಕಾರಿನ ವಿನ್ಯಾಸದಲ್ಲೇ ಇದೆ. ಡೆರೆಕ್ ಗಾರ್ಡ್ನರ್ ರೂಪಿಸಿದ ಈ ಫಾರ್ಮುಲಾ ಒನ್ ಕಾರಿಗೆ ಹಿಂದೆ ಎರಡು ದೊಡ್ಡ ಚಕ್ರ, ಮುಂದೆ 10 ಇಂಚಿನ ನಾಲ್ಕು ಪುಟ್ಟ ಚಕ್ರ. ಮುಂಭಾಗದ ಮೂತಿಯ ಮರೆಯಲ್ಲಿ ಚಕ್ರಗಳು ಅಡಗಿದರೆ ಗಾಳಿಯ ತಡೆ ತಗ್ಗುತ್ತದೆ ಎಂಬುದು ಅವರ ಲೆಕ್ಕ. 1976ರ ಸ್ವೀಡನ್ ಗ್ರಾನ್ ಪ್ರಿಯಲ್ಲಿ ಜೋಡಿ ಶೆಕ್ಟರ್ ಮೊದಲಿಗರಾಗಿ, ಪ್ಯಾಟ್ರಿಕ್ ಡೆಪಾಯೆ ಎರಡನೆಯವರಾಗಿ ಗುರಿ ಮುಟ್ಟಿ ಆ ಲೆಕ್ಕಕ್ಕೆ ಬೆಲೆ ತಂದುಕೊಟ್ಟರು. ಮಾದರಿ ಕಟ್ಟುವವರಿಗೆ ಇದೇ ವಿನ್ಯಾಸ ಸವಾಲು. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಅಲುಗಾಡದೆ ನಿಲ್ಲುತ್ತದೆ, ನಾಲ್ಕನೆಯ ಕಾಲು ಬಂದ ಕೂಡಲೇ ತಕರಾರು ಶುರು. ಇಲ್ಲಿರುವುದು ಆರು. ಹಾಗಾಗಿ ಇಂಥ ಕಿಟ್‌ನಲ್ಲಿ ಹೆಚ್ಚಿನ ಹೊತ್ತು ಅಂಟಿಸುವುದಕ್ಕಲ್ಲ, ಅಂಟಿಲ್ಲದೆ ಜೋಡಿಸಿ ಬಿಚ್ಚಿ ನೋಡುವುದಕ್ಕೇ ಸಲ್ಲಬೇಕು.

ಮೊದಲಿಗೆ ಭಾಗಗಳನ್ನು ಚೌಕಟ್ಟಿನ ಸಮೇತ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಚ್ಚಿನಿಂದ ಸಲೀಸಾಗಿ ಬಿಡಿಸಲು ಬಳಸಿದ ಎಣ್ಣೆಯಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಕತ್ತರಿಸುವಾಗ ಎರಡು ಹಂತ ಇರಲಿ: ಮೊದಲು ಭಾಗದಿಂದ ತುಸು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಕಿತ್ತು ಗುಳಿ ಬೀಳುತ್ತದೆ. ಉಳಿದ ತುಣುಕನ್ನು ಅರದಿಂದ ಸವರಿ, 400, 600, 1000 ನಂಬರಿನ ವಾಟರ್ ಪೇಪರ್‌ನಲ್ಲಿ ಕ್ರಮವಾಗಿ ಉಜ್ಜಿ. ನಂತರ ಮುಂದಿನ ಸಸ್ಪೆನ್ಷನ್, ತಳದ ಕವಚ, ಎಂಜಿನ್ನು, ಹಿಂದಿನ ಆಕ್ಸಲ್ ಇಷ್ಟನ್ನೂ ಸ್ಕ್ರೂ ಮತ್ತು ಮಾಸ್ಕಿಂಗ್ ಟೇಪಿನಿಂದಷ್ಟೇ ನಿಲ್ಲಿಸಿ, ದಪ್ಪ ಗಾಜಿನ ಮೇಲಿಟ್ಟು, ಪ್ರತಿ ಚಕ್ರದಡಿ ತೆಳು ಕಾಗದದ ಪಟ್ಟಿ ತೂರಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬರುವ ಪಟ್ಟಿ ಯಾವ ಚಕ್ರ ನೆಲ ಮುಟ್ಟಿಲ್ಲ ಎಂದು ಹೇಳಿಬಿಡುತ್ತದೆ. ತೋಳುಗಳ ತೂತಿನೊಳಗೆ ಉಳಿದ ಪ್ಲಾಸ್ಟಿಕ್ ಚೂರು, ಸ್ವಲ್ಪ ಬಾಗಿದ ಆಕ್ಸಲ್, ಪೂರ್ತಿ ಒಳಗಿಳಿಯದ ಪಿನ್ನು: ಕಾರಣ ಬಹುಪಾಲು ಇವುಗಳಲ್ಲಿ ಒಂದಾಗಿರುತ್ತದೆ. ಹಾಂ, ಜಪಾನಿ ಸ್ಕ್ರೂಗಳ ಪ್ಲಸ್ ತಲೆಗೆ ಆ ದೇಶದ ಮಾನದಂಡದ ಸ್ಕ್ರೂಡ್ರೈವರನ್ನೇ ಕೊಳ್ಳಿ. ಸಾಮಾನ್ಯ ಡ್ರೈವರ್ ಜಾರಿ ತಲೆಯನ್ನು ಸವೆಸುತ್ತದೆ, ಪದೇಪದೇ ಬಿಚ್ಚುವ ಈ ಕ್ರಮದಲ್ಲಿ ಅದು ದೊಡ್ಡ ನಷ್ಟ.

ಸಸ್ಪೆನ್ಷನ್‌ಗೆ ಸ್ಪ್ರಿಂಗ್ ಇದೆಯಲ್ಲ, ಏರುಪೇರನ್ನು ಅದೇ ನುಂಗಿಕೊಳ್ಳುತ್ತದೆ ಎನ್ನಬಹುದು. ನಿಜವಾದ ಕಾರಿನಲ್ಲಿ ಭಾರ ಸ್ಪ್ರಿಂಗನ್ನು ಅದುಮುತ್ತದೆ. ಹಗುರ ಪ್ಲಾಸ್ಟಿಕ್ ಮಾದರಿಗೆ ಆ ಭಾರವಿಲ್ಲ, ತಪ್ಪು ಹಾಗೆಯೇ ಕಾಣುತ್ತದೆ. ಈ ಅಳತೆಯಲ್ಲಿ 1 ಮಿಲಿಮೀಟರ್ ಎಂದರೆ ನಿಜವಾದ ಕಾರಿನ 12 ಮಿಲಿಮೀಟರ್. ಕೈಪಿಡಿಯ ಕ್ರಮವನ್ನು ತಯಾರಕರೇ ಯೋಚಿಸಿ ಕೊಟ್ಟಿರುವಾಗ ಅದನ್ನು ಮೀರುವುದೇಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 934 ಟರ್ಬೊ ಕಿಟ್‌ಗಾಗಿ ಪೋರ್ಷ 911 ಕಾರೊಂದನ್ನೇ ಕೊಂಡು ಬಿಚ್ಚಿ ಅಭ್ಯಾಸ ಮಾಡಿದ ಕಂಪನಿ ಅದು. ಅದರ ಕೈಪಿಡಿಯನ್ನು ಹಗುರವಾಗಿ ಕಾಣಲಾಗದು. ಆದರೆ ಆ ಕ್ರಮ ಜೋಡಣೆಯ ಕ್ರಮ. ಬಣ್ಣದ ಪದರದ ದಪ್ಪ, ಒಣಗುವ ಸಮಯ ಅದರಲ್ಲಿ ಲೆಕ್ಕಕ್ಕಿಲ್ಲ. ಸರಿಯಾಗಿ ಕೂರುತ್ತಿದ್ದ ಪಿನ್ನು ಬಣ್ಣ ಬಿದ್ದ ಮೇಲೆ ಬಿಗಿಯಾಗುತ್ತದೆ, ಬಲ ಹಾಕಿದರೆ ಮುರಿಯುತ್ತದೆ. ಕೈಪಿಡಿಯ ಹಂತಗಳು ಹಾಗೇ ಇರಲಿ. ಪ್ರತಿ ಹಂತವನ್ನೂ ಮೊದಲು ಅಂಟಿಲ್ಲದೆ, ಬಣ್ಣದ ನಂತರ ಅಂಟಿನೊಂದಿಗೆ, ಹೀಗೆ ಎರಡು ಸಲ ಮಾಡಬೇಕೆಂಬುದಷ್ಟೇ ಇಲ್ಲಿನ ವಾದ. ಪದೇಪದೇ ಜೋಡಿಸಿದರೆ ಪಿನ್ನು ಸಡಿಲವಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಅದಕ್ಕೇ ತೀರಾ ಬಿಗಿಯಾದ ತೂತನ್ನು ಮೊದಲೇ ಸಣ್ಣ ಡ್ರಿಲ್‌ನಿಂದ ಒಂದು ಕೂದಲಿನಷ್ಟು ಅಗಲಿಸಿಕೊಳ್ಳಬೇಕು.

ಬಣ್ಣದ ವಿಷಯಕ್ಕೆ ಬಂದರೆ, ನೀಲಿ ಹೊರಮೈಯ ಎಲ್ಲ ಭಾಗಗಳಿಗೂ ಒಂದೇ ಬಾಟಲಿಯ ಬಣ್ಣವನ್ನು ಒಂದೇ ದಿನ ಹಾಕಿ, ಇಲ್ಲವಾದರೆ ಮೂತಿಗೂ ಹಿಂದಿನ ಕವಚಕ್ಕೂ ಛಾಯೆ ಬೇರೆಯಾಗುತ್ತದೆ. ದಪ್ಪದ ಒಂದು ಪದರಕ್ಕಿಂತ ತೆಳುವಾದ ಮೂರು ಪದರ ಒಳ್ಳೆಯದು. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಸಿಂಪಡಿಸಿದರೆ ಗಾಳಿಯ ತೇವ ಪದರದ ಮೇಲೆ ಕೂತು ಬಿಳಿಚಿಕೊಳ್ಳುತ್ತದೆ. ಬಿಸಿಲು ಬಿದ್ದ ದಿನಕ್ಕೆ ಕಾಯುವುದೇ ಮೇಲು. ಕಾಯಲಾಗದಿದ್ದರೆ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆಸಿ. ಲ್ಯಾಕರಿನ ಆವಿಗೆ ಬಟ್ಟೆಯ ಮಾಸ್ಕು ತಡೆಯಲ್ಲ. ಇದ್ದಿಲ ಫಿಲ್ಟರಿನ ಮಾಸ್ಕ್, ತೆರೆದ ಕಿಟಕಿ ಎರಡೂ ಬೇಕು. ಮಕ್ಕಳಿರುವ ಮನೆಯಲ್ಲಿ ಈ ಮಾತಿಗೆ ರಿಯಾಯಿತಿ ಇಲ್ಲ.

ಕೊನೆಗೆ ಅಂಟು. ತೆಳು ದ್ರವದ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಬಣ್ಣದ ಮೇಲೋ ಕ್ರೋಮ್ ಲೇಪದ ಮೇಲೋ ಅದರ ಆಟ ನಡೆಯದು. ಆದ್ದರಿಂದ ಸೇರುವ ಜಾಗದ ಲೇಪವನ್ನು ಚಾಕುವಿನ ಅಂಚಿನಿಂದ ಕೆರೆಯಿರಿ. ಲೋಹದ ಭಾಗಗಳಿಗೆ ಎಪಾಕ್ಸಿ ಬಳಸಿ. ಸೂಪರ್ ಗ್ಲೂ ಆದೀತು, ಆದರೆ ಅದರ ಆವಿ ಪಾರದರ್ಶಕ ಭಾಗಗಳನ್ನು ಮಸುಕಾಗಿಸುತ್ತದೆ. ಚಾಲಕನಿಗೆ ಮುಂದಿನ ಚಕ್ರ ಕಾಣಲೆಂದು ಕಾಕ್‌ಪಿಟ್ಟಿನ ಪಕ್ಕದಲ್ಲಿಟ್ಟ ಪುಟ್ಟ ಕಿಟಕಿಗಳ ಹತ್ತಿರ ಅದು ಬೇಡ. ಕಾಸ್ವರ್ತ್ ಡಿಎಫ್‌ವಿ ಎಂಜಿನ್ನಿಗೆ ಎಂಟು ಸಿಲಿಂಡರ್. ಎಂಟು ಇಗ್ನಿಷನ್ ವೈರುಗಳನ್ನು ಎಕ್ಸಾಸ್ಟ್ ಕೊಳವೆಗಳಿಗಿಂತ ಮೊದಲೇ ಕೂರಿಸಿಬಿಡಿ, ಆಮೇಲೆ ಚಿಮಟ ಹೋಗಲು ಜಾಗ ಕಷ್ಟ. ಹಳೆಯ ಪೆಟ್ಟಿಗೆಯ ಕಿಟ್ ಸಿಕ್ಕಿದ್ದರೆ ಡೆಕಾಲ್ ಹಾಳೆಯಲ್ಲಿ ಬೇಡದ ಒಂದು ಚಿಹ್ನೆಯನ್ನು ನೀರಿಗೆ ಹಾಕಿ ಪರೀಕ್ಷಿಸಿ. ಅದು ಚೂರಾದರೆ ಇಡೀ ಹಾಳೆಗೆ ಪಾರದರ್ಶಕ ಲ್ಯಾಕರ್ ಸಿಂಪಡಿಸಿ ಒಣಗಿಸಿ, ಆಮೇಲೆ ಒಂದೊಂದನ್ನೇ ಅದರ ಅಂಚಿಗೆ ಕತ್ತರಿಸಿ ಬಳಸಿ. ಮೃದುವಾದ ವಿನೈಲ್ ಟೈರುಗಳಲ್ಲಿರುವ ರಾಸಾಯನಿಕ ವರ್ಷಗಳು ಕಳೆದಂತೆ ಒಸರಿ ತಾನು ತಾಗಿದ ಪ್ಲಾಸ್ಟಿಕ್ ರಿಮ್ಮನ್ನು ಕರಗಿಸಬಲ್ಲದು. ರಿಮ್ಮಿನ ಹೊರಸುತ್ತಿಗೆ ಬಣ್ಣದ ಪದರ ಕೊಟ್ಟು, ಪೂರ್ತಿ ಒಣಗಿದ ಮೇಲೆ ಟೈರು ತೊಡಿಸಿ, ಮಾದರಿಯನ್ನು ನೇರ ಬಿಸಿಲು ಬೀಳದ ಕಪಾಟಿನಲ್ಲಿಡಿ.