ಮಿರರ್‌ಲೆಸ್ ಕ್ಯಾಮೆರಾ: ಛಾಯಾಗ್ರಾಹಕರ ಬಂಡವಾಳದ ಲೆಕ್ಕ

ವಿವಾಹ ಛಾಯಾಗ್ರಹಣವನ್ನೇ ವೃತ್ತಿಯಾಗಿಸಿಕೊಂಡ ಸಣ್ಣ ಉದ್ದಿಮೆದಾರರು ಡಿ.ಎಸ್.ಎಲ್.ಆರ್. ಬಿಟ್ಟು ಫುಲ್-ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವಾಗ ಬಾಡಿಯ ಬೆಲೆಯನ್ನಷ್ಟೇ ಪರಿಗಣಿಸುವುದುಂಟು. ವಾಸ್ತವವಾಗಿ ಹೆಚ್ಚಿನ ವೆಚ್ಚ ಅಡಗಿರುವುದು ಲೆನ್ಸುಗಳಲ್ಲಿ.

ನಿಕಾನ್ ಸಂಸ್ಥೆಯ ಉದಾಹರಣೆಯನ್ನೇ ಗಮನಿಸಬಹುದು. 1959ರಲ್ಲಿ ಆರಂಭವಾದ ಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಅಂಚಿಗೂ ಚಿತ್ರ ಮೂಡುವ ತಲಕ್ಕೂ ನಡುವಿನ ಅಂತರ 46.5 ಮಿ.ಮೀ. ಒಳಗಿನ ಕನ್ನಡಿಯನ್ನು ಕೈಬಿಟ್ಟುದರಿಂದ 2018ರ ಝಡ್ ಮೌಂಟಿನಲ್ಲಿ ಅದು 16 ಮಿ.ಮೀ.ಗೆ ಇಳಿಯಿತು. ಹಳೆಯ ಲೆನ್ಸುಗಳನ್ನು ಸಂಸ್ಥೆಯ ಎಫ್.ಟಿ.ಝಡ್. ಅಡಾಪ್ಟರಿನ ಮೂಲಕ ಜೋಡಿಸಬಹುದು. ಆದರೆ ಆ ಅಡಾಪ್ಟರಿನಲ್ಲಿ ಫೋಕಸ್ ಮೋಟಾರು ಇಲ್ಲ. ಮೋಟಾರನ್ನು ತಮ್ಮೊಳಗೇ ಹೊಂದಿರುವ ಎ.ಎಫ್.-ಎಸ್. ಲೆನ್ಸುಗಳು ಸ್ವಯಂ ಫೋಕಸ್ ಮಾಡುತ್ತವೆ. ಎ.ಎಫ್.-ಡಿ. ಲೆನ್ಸುಗಳನ್ನು ಕೈಯಿಂದಲೇ ಹೊಂದಿಸಬೇಕು. ಮಾಂಗಲ್ಯಧಾರಣೆಯ ಕ್ಷಣ ಅದಕ್ಕಾಗಿ ಕಾಯುವುದಿಲ್ಲ! ಇಂತಹ ಲೆನ್ಸುಗಳೇ ಹೆಚ್ಚಾಗಿರುವವರು ಹೊಸ ಲೆನ್ಸುಗಳ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕುವುದು ಯುಕ್ತ.

ಬ್ಯಾಟರಿಯ ವಿಷಯವೂ ಉಪೇಕ್ಷಣೀಯವಲ್ಲ. ಸಿಪಾ ಮಾನದಂಡದಂತೆ ಡಿ850 ಒಂದು ಚಾರ್ಜಿಗೆ 1,840 ಚಿತ್ರ ತೆಗೆದರೆ, ಮೊದಲ ಝಡ್6 ತೆಗೆಯುವುದು 310. ಸೆಕೆಂಡ್ ಹ್ಯಾಂಡ್ ಝಡ್6 ಕೊಳ್ಳುವವರು ಅದರಲ್ಲಿ ಒಂದೇ ಕಾರ್ಡ್ ಸ್ಲಾಟ್ ಇರುವುದನ್ನು ನೆನಪಿಡಬೇಕು. ಎರಡು ಸ್ಲಾಟ್ ಬಂದುದು 2020ರ ಝಡ್6-2ರಲ್ಲಿ. ಕಾರ್ಡ್ ಕೆಟ್ಟರೆ ಮದುವೆಯನ್ನು ಮತ್ತೆ ನಡೆಸಲಾಗದು.

ಇನ್ನು ತೆರಿಗೆ. ಜಿ.ಎಸ್.ಟಿ. ನೋಂದಣಿ ಪಡೆದು, ಸೇವೆಗೆ ತೆರಿಗೆ ವಿಧಿಸುವ ಸ್ಟುಡಿಯೋಗಳು ಕ್ಯಾಮೆರಾದ ಮೇಲೆ ಪಾವತಿಸಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಆದರೆ ಹಾಗೆ ಪಡೆದ ಮೊತ್ತದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿಯನ್ನೂ ಕೋರುವಂತಿಲ್ಲ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಕ್ರೆಡಿಟ್ ದೊರೆಯದು. ಅವರ ಪಾಲಿಗೆ ಬಿಲ್ಲಿನ ಪೂರ್ಣ ಮೊತ್ತವೇ ಬಂಡವಾಳ.