ಮೇವು ಕತ್ತರಿಸುವ ಯಂತ್ರದ ಬೇರಿಂಗಿಗೆ ಗ್ರೀಸ್: ಯಾವುದು, ಎಷ್ಟು, ಹೇಗೆ?



ಒಮ್ಮೆ ಬೇಸಿಗೆಯಲ್ಲಿ ಸಂಘದ ಸದಸ್ಯರೊಬ್ಬರು ಹೇಳಿ ಕಳಿಸಿದ್ದರು: "ಡಾಕ್ಟ್ರೇ, ಹಸು ಮೇವು ಬಿಡ್ತಾ ಇದೆ, ಹಾಲೂ ಇಳಿದಿದೆ." ಹೋಗಿ ಪರೀಕ್ಷಿಸಿದೆ. ಜ್ವರವಿಲ್ಲ, ಮೆಲುಕು ಸರಿಯಾಗಿದೆ. ಗೋದಲಿಯಲ್ಲಿ ಮಾತ್ರ ಗೇಣುದ್ದದ, ಜಜ್ಜಿದ ಜೋಳದ ದಂಟು ಹಾಗೇ ಉಳಿದಿತ್ತು. ಮೇವಿನ ಯಂತ್ರದ ಚಕ್ರ ಹಿಡಿದು ಅಲುಗಾಡಿಸಿದಾಗ ಶಾಫ್ಟು ಬೇರಿಂಗಿನಲ್ಲಿ ಲೊಡಲೊಡ ಆಡಿತು. ಶಾಫ್ಟು ಆಡಿದರೆ ಬ್ಲೇಡಿಗೂ ಎದುರಿನ ಪಟ್ಟಿಗೂ ನಡುವಿನ ಸಂದು ಹೆಚ್ಚುತ್ತದೆ. ದಂಟು ಕತ್ತರಿಸುವುದಿಲ್ಲ, ಜಜ್ಜಿಹೋಗುತ್ತದೆ. "ತಿಂಗಳಿಗೊಮ್ಮೆ ಗಾಡಿಯ ಹಳೇ ಆಯಿಲ್ ಬಿಡ್ತೀನಲ್ಲ ಸಾರ್" ಎಂದರು ಅವರು. ತಪ್ಪು ಅಲ್ಲೇ ಇತ್ತು.

ಬೇರಿಂಗ್ ಏಕೆ ಸವೆಯುತ್ತದೆ?

ಬೇರಿಂಗಿನ ಗುಂಡುಗಳಿಗೂ ಬಳೆಗೂ ನಡುವೆ ಎಣ್ಣೆಯ ತೆಳು ಪದರ ಇರಬೇಕು. ಅದಿಲ್ಲದಿದ್ದರೆ ಉಕ್ಕು ಉಕ್ಕನ್ನೇ ತಿನ್ನುತ್ತದೆ. ಗ್ರೀಸ್ ಎಂದರೆ ಸಾಬೂನಿನಂಥ ವಸ್ತುವಿನಲ್ಲಿ ಹಿಡಿದಿಟ್ಟ ಎಣ್ಣೆ; ಆದ್ದರಿಂದ ಅದು ಹರಿದುಹೋಗದೆ ನಿಲ್ಲುತ್ತದೆ. ಹಳೇ ಎಂಜಿನ್ ಆಯಿಲಿನಲ್ಲಿ ಸವೆದ ಲೋಹದ ಪುಡಿ, ಮಸಿ ಇರುತ್ತವೆ. ಅಡುಗೆ ಎಣ್ಣೆ ಕ್ರಮೇಣ ಅಂಟಾಗುತ್ತದೆ. ಎರಡೂ ಬೇಡ.

ಎಲ್ಲಿಗೆ ಯಾವುದು?

ಗ್ರೀಸ್ ನಿಪ್ಪಲ್ ಇರುವ ಬೇರಿಂಗಿಗೆ ಲಿಥಿಯಂ ಗ್ರೀಸ್ ಹಾಕಿರಿ. ಒಮ್ಮೆ ಬಳಸಿದ ಬಗೆಯನ್ನೇ ಮುಂದುವರಿಸಿರಿ. ಬೇರೆ ಬೇರೆ ಬಗೆ ಬೆರೆತರೆ ಕೆಲವೊಮ್ಮೆ ನೀರಾಗಿ ಸೋರಿಹೋಗುತ್ತದೆ. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಎಣ್ಣೆ ತೂತಿನ ಬುಷ್ ಇದ್ದರೆ, ಕೆಲಸಕ್ಕೆ ಮೊದಲು ನಾಲ್ಕೈದು ಹನಿ ಮೆಷಿನ್ ಆಯಿಲ್ ಬಿಡಿರಿ. ಎರಡೂ ಬದಿ ಮುಚ್ಚಿದ ಸೀಲ್ಡ್ ಬೇರಿಂಗನ್ನು ತೊಳೆಯಬಾರದು. ಅದು ಕೆಟ್ಟರೆ ಬದಲಿಸುವುದೊಂದೇ ದಾರಿ.

ಮಾಡುವ ಕ್ರಮ

1. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬೆಲ್ಟ್ ಬಿಚ್ಚಿರಿ. ಬ್ಲೇಡಿನಿಂದ ಕೈ ದೂರವಿರಲಿ.
2. ನಿಪ್ಪಲ್ ಮತ್ತು ಗನ್ನಿನ ಮೂತಿಯನ್ನು ಬಟ್ಟೆಯಿಂದ ಒರೆಸಿರಿ. ಒರೆಸದಿದ್ದರೆ ಗ್ರೀಸಿನ ಜೊತೆಗೆ ಮಣ್ಣನ್ನೂ ಒಳಗೆ ತಳ್ಳಿದಂತಾಗುತ್ತದೆ.
3. ಗನ್ನನ್ನು ಮೆಲ್ಲಗೆ ಒತ್ತಿರಿ. ಒಂದೆರಡು ಒತ್ತು ಕೊಟ್ಟು, ಚಕ್ರವನ್ನು ಹೊರ ಅಂಚಿನಲ್ಲಿ ಹಿಡಿದು ತಿರುಗಿಸಿ, ಮತ್ತೆ ಒತ್ತಿರಿ. ಅಂಚಿನಲ್ಲಿ ಸ್ವಲ್ಪ ಗ್ರೀಸ್ ಇಣುಕಿದೊಡನೆ ನಿಲ್ಲಿಸಿರಿ.
4. ಬಿಚ್ಚುವಂಥ ತೆರೆದ ಬೇರಿಂಗಾದರೆ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಗುಂಡುಗಳ ನಡುವೆ ಹೊಸ ಗ್ರೀಸ್ ತುಂಬಿರಿ. ಸುತ್ತಲಿನ ಗೂಡಿನಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು.
5. ಹೊರಬಂದದ್ದನ್ನು ಒರೆಸಿ, ಬೆಲ್ಟ್ ಹಾಕಿ, ಖಾಲಿ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಸದ್ದು ಕೇಳಿರಿ.

ಹೆಚ್ಚಾದರೂ ಕೇಡು

ಗ್ರೀಸ್ ಕಿಕ್ಕಿರಿದರೆ ಗುಂಡುಗಳು ಅದನ್ನೇ ಕಡೆಯುತ್ತ ಬಿಸಿಯಾಗುತ್ತವೆ, ಸೀಲು ಬಿಚ್ಚಿಕೊಳ್ಳುತ್ತದೆ. ಹೊರಗೆ ಮೆತ್ತಿದ ಗ್ರೀಸಿಗೆ ಮೇವಿನ ಧೂಳು ಅಂಟಿ, ಉಜ್ಜುವ ಮರಳಿನಂತೆ ಕೆಲಸ ಮಾಡುತ್ತದೆ. ಯಂತ್ರ ಪೂರ್ತಿ ನಿಂತ ಮೇಲೆ ಬೇರಿಂಗ್ ಗೂಡಿನ ಮೇಲೆ ಅಂಗೈ ಇಟ್ಟು ನೋಡಿರಿ. ಇಡಲಾಗದಷ್ಟು ಬಿಸಿಯಿದ್ದರೆ, ಇಲ್ಲವೇ ಗರಗರ ಸದ್ದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿರಿ.

ದನಕ್ಕೂ ಮನೆಯವರಿಗೂ ಅಪಾಯ

ದನಗಳು ಗ್ರೀಸ್, ಆಯಿಲ್ ಕಂಡರೆ ನೆಕ್ಕುತ್ತವೆ. ಹಳೇ ಆಯಿಲ್ ನೆಕ್ಕಿ ವಿಷವೇರಿದರೆ ಹಸು ಉಳಿಯುವುದೇ ಕಷ್ಟ. ಒರೆಸಿದ ಬಟ್ಟೆ, ಖಾಲಿ ಡಬ್ಬಿ ಕೊಟ್ಟಿಗೆಯಲ್ಲಿ ಬಿಡಬೇಡಿರಿ. ಗ್ರೀಸ್ ಹಾಕಿದ ನಂತರ ಕತ್ತರಿಸಿದ ಮೊದಲ ಹಿಡಿ ಮೇವನ್ನು ಹಾಕದೆ ತೆಗೆದುಬಿಡಿರಿ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಯಂತ್ರ ಬಿಗಿದು ಮೇವು ಸಿಕ್ಕಿಕೊಂಡಾಗಲೇ ನಾವು ಕೈಯಿಂದ ಒಳಗೆ ತಳ್ಳುವುದು. ಬೆರಳು ಹೋಗುವುದೂ ಆಗಲೇ. ಸಿಕ್ಕಿಕೊಂಡರೆ ಮೊದಲು ಪ್ಲಗ್ ಕೀಳಿರಿ, ಆಮೇಲೆ ಮೇವಿಗೆ ಕೈ ಹಾಕಿರಿ.

ಆ ಸದಸ್ಯರು ಬೇರಿಂಗ್ ಬದಲಿಸಿ, ಬ್ಲೇಡ್ ಸಾಣೆ ಹಿಡಿಸಿ, ಸಂದು ಸರಿಪಡಿಸಿದರು. ಮೇವು ಅಂಗುಲದಳತೆಗೆ ಕತ್ತರಿಸತೊಡಗಿತು, ಗೋದಲಿ ಖಾಲಿಯಾಗತೊಡಗಿತು. ಹಸುವಿಗೆ ನಾನು ಯಾವ ಔಷಧವನ್ನೂ ಬರೆಯಲಿಲ್ಲ. ಈ ವಾರ ಹಾಲು ಹಾಕಿ ಬಂದ ಮೇಲೆ ನಿಮ್ಮ ಯಂತ್ರದ ಪ್ಲಗ್ ಕಿತ್ತು, ಚಕ್ರವನ್ನೊಮ್ಮೆ ಅಲುಗಾಡಿಸಿ ನೋಡಿರಿ.