ಒಂದು ಗಿಟಾರ್, ಎರಡು ಕಿವಿ: ಪಿಕಪ್ ಜೊತೆ ಮೈಕ್ ಬೆರೆಸುವ ಲೆಕ್ಕ

ಅಕೂಸ್ಟಿಕ್ ಗಿಟಾರನ್ನ ಹಾಸ್ಟೆಲ್ ರೂಮಲ್ಲಿ ಕೂತು ನುಡಿಸಿದಾಗ ಕೇಳೋ ದನಿಯೇ ಬೇರೆ, ಫೆಸ್ಟ್ ಸ್ಟೇಜಲ್ಲಿ ಕೇಬಲ್ ಸಿಕ್ಕಿಸಿದ ಮೇಲೆ ಸ್ಪೀಕರಿನಿಂದ ಬರೋ ದನಿಯೇ ಬೇರೆ. ಮರದ ವಾದ್ಯ ಇದ್ದಕ್ಕಿದ್ದಂತೆ ಪ್ಲಾಸ್ಟಿಕ್ ಆಗಿಬಿಡುತ್ತೆ. ಗಟ್ಟಿಯಾಗಿ ಸ್ಟ್ರಮ್ ಮಾಡಿದರಂತೂ ಬಾತುಕೋಳಿ ಕೂಗಿದ ಹಾಗೆ 'ಕ್ವ್ಯಾಕ್' ಅನ್ನುತ್ತೆ. ಇದಕ್ಕೆ ಸಾಮಾನ್ಯವಾಗಿ ಹೇಳೋ ಪರಿಹಾರ: ಗಿಟಾರ್ ಒಳಗೆ ಒಂದು ಚಿಕ್ಕ ಮೈಕ್ ಕೂರಿಸಿ, ಪಿಕಪ್ ಜೊತೆ ಬ್ಲೆಂಡ್ ಮಾಡಿ. ಮಾತು ಸರಿ. ಆದರೆ ಬ್ಲೆಂಡ್ ನಾಬನ್ನ ಸರಿಯಾಗಿ ಮಧ್ಯಕ್ಕೆ ತಂದಾಗ ದನಿ ಸುಧಾರಿಸೋ ಬದಲು ಎರಡಕ್ಕಿಂತಲೂ ಬಡಕಲಾಗೋದು ಉಂಟು. ಯಾಕೆ ಅನ್ನೋದಕ್ಕೆ ಉತ್ತರ ನಮ್ಮ ಸಿಗ್ನಲ್ಸ್ ಪಾಠದಲ್ಲೇ ಇದೆ.

ಮೊದಲು ಈ ಎರಡು ಕಿವಿಗಳು ಏನನ್ನ ಕೇಳ್ತಾವೆ ನೋಡೋಣ. ತಂತಿಗಳು ಕೂರುವ ಬಿಳಿ ಪಟ್ಟಿ, ಅಂದರೆ ಸ್ಯಾಡಲ್, ಅದರ ಕೆಳಗೆ ಪೀಜೋ ಪಿಕಪ್ ಇರುತ್ತೆ. ತಂತಿಯ ಕಂಪನ ಅದನ್ನ ನೇರವಾಗಿ ಒತ್ತುತ್ತೆ, ಒತ್ತಿದ್ದಕ್ಕೆ ವೋಲ್ಟೇಜ್ ಬರುತ್ತೆ. ಅದಕ್ಕೆ ತಂತಿ ಚೆನ್ನಾಗಿ ಗೊತ್ತು, ಪೆಟ್ಟಿಗೆಯೊಳಗಿನ ಗಾಳಿ ಗೊತ್ತೇ ಇಲ್ಲ ಅಂದರೂ ತಪ್ಪಿಲ್ಲ. ಒಳಗಿನ ಮೈಕ್ (ಸಾಮಾನ್ಯವಾಗಿ ಎಲೆಕ್ಟ್ರೆಟ್ ಕ್ಯಾಪ್ಸೂಲ್) ಗಾಳಿಯ ಒತ್ತಡವನ್ನ ಕೇಳುತ್ತೆ. ಮರದ ಉಸಿರು, ಬೆರಳು ಜಾರುವ ಸದ್ದು ಎಲ್ಲ ಅದರಲ್ಲಿ ಬರುತ್ತೆ. ಹಾಗಂತ ಅದು ಸಭಿಕರು ಕೇಳೋ ದನಿ ಅಲ್ಲ. ಡಬ್ಬದೊಳಗೆ ತಲೆ ಇಟ್ಟು ಕೇಳಿದ ದನಿ. ಪೆಟ್ಟಿಗೆ ಮತ್ತು ಸೌಂಡ್ ಹೋಲ್ ಸೇರಿ ಒಂದು ಹೆಲ್ಮ್‌ಹೋಲ್ಟ್ಜ್ ರೆಸೊನೇಟರ್ ಆಗುತ್ತೆ, ಖಾಲಿ ಬಾಟಲಿ ಬಾಯಿಗೆ ಊದಿದಾಗ ಆಗೋ ಹಾಗೆ. ದೊಡ್ಡ ಡ್ರೆಡ್‌ನಾಟ್ ಗಿಟಾರಿನಲ್ಲಿ ಇದು ಸುಮಾರು 100 ಹರ್ಟ್ಸ್, ಅಂದರೆ ದಪ್ಪ 'ಇ' ತಂತಿಯ ಮೂರನೇ ಫ್ರೆಟ್ಟಿನ 'ಜಿ' ಸ್ವರದ (98 ಹರ್ಟ್ಸ್) ಆಸುಪಾಸು. ಮೈಕ್ ಈ ಸ್ವರವನ್ನ ವಿಪರೀತ ದೊಡ್ಡದಾಗಿ ಕೇಳುತ್ತೆ. ಸ್ಟೇಜಲ್ಲಿ 'ಬೂಂ' ಅಂತ ಫೀಡ್‌ಬ್ಯಾಕ್ ಶುರುವಾಗೋದೂ ಹೆಚ್ಚಾಗಿ ಇಲ್ಲಿಂದಲೇ.

ಇವೆರಡನ್ನ ಬೆರೆಸೋಕೆ ಹೊರಟರೆ ಮೊದಲ ಅಡ್ಡಿ ಇಂಪಿಡೆನ್ಸ್. ಪೀಜೋ ಅಂದರೆ ಸರ್ಕ್ಯೂಟ್ ಭಾಷೆಯಲ್ಲಿ ಒಂದು ಪುಟ್ಟ ಕೆಪಾಸಿಟರ್. ಅದನ್ನ 1 ನ್ಯಾನೋಫ್ಯಾರಡ್ ಅಂತ ಹಿಡಿಯೋಣ. ಮುಂದಿನ ಹಂತದ ಇನ್‌ಪುಟ್ 10 ಕಿಲೋಓಮ್ ಇದ್ದರೆ ಹೈಪಾಸ್ ಕಟ್‌ಆಫ್ ಸುಮಾರು 16 ಕಿಲೋಹರ್ಟ್ಸ್‌ಗೆ ಬಂದು ಕೂರುತ್ತೆ, ಅಂದರೆ ಸಂಗೀತ ಬಹುಪಾಲು ಹೋಯ್ತು. 1 ಮೆಗಾಓಮ್ ಇದ್ದರೆ 159 ಹರ್ಟ್ಸ್, 10 ಮೆಗಾಓಮ್ ಇದ್ದರೆ 16 ಹರ್ಟ್ಸ್. ಹಾಗಾಗಿ ಪೀಜೋ ಮತ್ತು ಮೈಕ್ ತಂತಿಗಳನ್ನ ಒಂದು ಪೊಟೆನ್ಶಿಯೋಮೀಟರಿಗೆ ಸುಮ್ಮನೆ ಬೆಸುಗೆ ಹಾಕಬಾರದು, ಮೈಕಿನ ಕಡೆಯ ಕೆಲವೇ ಕಿಲೋಓಮ್ ಪೀಜೋವಿನ ಬೇಸನ್ನ ತಿಂದುಹಾಕುತ್ತೆ. ಮೊದಲು ಎರಡಕ್ಕೂ ಬೇರೆ ಬೇರೆ ಬಫರ್, ಆಮೇಲೆ ಮಿಕ್ಸ್. ಲ್ಯಾಬಲ್ಲಿ ಸಿಗೋ ಟಿಎಲ್ 072 ಮತ್ತು 9 ವೋಲ್ಟ್ ಬ್ಯಾಟರಿ ಇದಕ್ಕೆ ಸಾಕು.

ನಿಜವಾದ ಆಟ ಇರೋದು ಸಮಯದಲ್ಲಿ. ಪೀಜೋಗೆ ತಂತಿಯ ಸುದ್ದಿ ಹೆಚ್ಚು ಕಡಿಮೆ ತಕ್ಷಣ ತಲುಪುತ್ತೆ. ಮೈಕ್ 15 ಸೆಂಟಿಮೀಟರ್ ದೂರದಲ್ಲಿದ್ದರೆ, ಸೆಕೆಂಡಿಗೆ 343 ಮೀಟರ್ ವೇಗದ ಲೆಕ್ಕದಲ್ಲಿ 0.44 ಮಿಲಿಸೆಕೆಂಡ್ ತಡ. ಇಷ್ಟೇನಾ ಅನ್ನಬೇಡಿ. ಎರಡೂ ಒಂದೇ ಮಟ್ಟದಲ್ಲಿ ಸೇರಿದರೆ ಸುಮಾರು 1,140 ಹರ್ಟ್ಸ್‌ನಲ್ಲಿ ಈ ತಡ ಸರಿಯಾಗಿ ಅರ್ಧ ಆವರ್ತ ಆಗುತ್ತೆ, ಒಂದು ಮೇಲಿದ್ದಾಗ ಇನ್ನೊಂದು ಕೆಳಗೆ, ಮೊತ್ತ ಸೊನ್ನೆ. ಮತ್ತೆ 3,430ರಲ್ಲಿ, 5,700ರಲ್ಲಿ, ಬಾಚಣಿಗೆ ಹಲ್ಲಿನ ಹಾಗೆ. ಪೋಲಾರಿಟಿ ಬಟನ್ ಒತ್ತಿದರೆ ಗುಂಡಿಗಳು ಮಾಯವಾಗೋಲ್ಲ, ಜಾಗ ಬದಲಿಸ್ತಾವೆ ಅಷ್ಟೇ: ಒಂದು 2,290ಕ್ಕೆ ಹೋಗುತ್ತೆ, ಇನ್ನೊಂದು ಸೊನ್ನೆ ಹರ್ಟ್ಸ್‌ಗೆ ಬಂದು ಬೇಸನ್ನ ಬರಿದು ಮಾಡುತ್ತೆ. ಪೆಟ್ಟಿಗೆಯೊಳಗೆ ಪ್ರತಿಫಲನಗಳೂ ಇರೋದರಿಂದ ನಿಜದ ಗಿಟಾರಿನಲ್ಲಿ ಗುಂಡಿಗಳು ಇಷ್ಟು ಚೊಕ್ಕವಾಗಿರೋಲ್ಲ, ಆದರೆ ಇರ್ತಾವೆ.

ನಾಬಿನ ನಡುಭಾಗ ಯಾಕೆ ಅಪಾಯ ಅಂತ ಈಗ ಗೊತ್ತಾಯ್ತಲ್ಲ, ಸಮಸಮ ಇದ್ದಾಗಲೇ ಗುಂಡಿ ಅತಿ ಆಳ. ಮೈಕನ್ನ 12 ಡೆಸಿಬೆಲ್ ಕೆಳಗಿಟ್ಟರೆ ಅದರ ಪಾಲು ಕಾಲು ಭಾಗ, ಗುಂಡಿಯ ಆಳ ಬರೀ 2.5 ಡೆಸಿಬೆಲ್.

ಇದಕ್ಕಿಂತ ಜಾಣ ದಾರಿ ಅಂದರೆ ಕೆಲಸ ಹಂಚಿಬಿಡೋದು. ಕೆಳಗಿನ ಆವರ್ತನ ಪೀಜೋಗೆ, ಮೇಲಿನದು ಮೈಕಿಗೆ. ಎಲ್.ಆರ್. ಬ್ಯಾಗ್ಸ್ ಕಂಪನಿಯ ಆಂಥೆಮ್ ವ್ಯವಸ್ಥೆ ಮಾಡೋದು ಇದನ್ನೇ: 250 ಹರ್ಟ್ಸ್ ಸುತ್ತ ಕ್ರಾಸ್‌ಓವರ್, ಅದರ ಮೇಲೆಲ್ಲ ಮೈಕ್. ಮೈಕೂ ಬ್ರಿಡ್ಜ್ ಪ್ಲೇಟಿಗೆ ಅಂಟಿಕೊಂಡ ಹಾಗೇ ಇರುತ್ತೆ, ಅಂದರೆ ತಡವೂ ಕಡಿಮೆ. 250 ಯಾಕೆ ಒಳ್ಳೇ ಸಂಖ್ಯೆ? ಎರಡೂ ಸಿಗ್ನಲ್ ಸರಿಸಮ ಇರೋದು ಕ್ರಾಸ್‌ಓವರ್ ಹತ್ತಿರ ಮಾತ್ರ. ಅಲ್ಲಿ ತರಂಗದ ಉದ್ದ 1.37 ಮೀಟರ್, ನಮ್ಮ ಹಳೇ 15 ಸೆಂಟಿಮೀಟರ್ ಇದ್ದರೂ ಅದು ಬರೀ 40 ಡಿಗ್ರಿ ಫೇಸ್ ವ್ಯತ್ಯಾಸ. ಜಗಳ ಆಡೋವಷ್ಟು ದೊಡ್ಡದಲ್ಲ. ಜೊತೆಗೆ ಆ 100 ಹರ್ಟ್ಸ್ ಬೂಂ ಮೈಕಿನಿಂದ ದೂರವಾಗುತ್ತೆ. ನಾವೇ ಮಾಡೋದಾದರೆ ಮೈಕಿನ ದಾರಿಯಲ್ಲಿ 68 ನ್ಯಾನೋಫ್ಯಾರಡ್ ಮತ್ತು 10 ಕಿಲೋಓಮ್ ಹಾಕಿದರೆ ಕಟ್‌ಆಫ್ 234 ಹರ್ಟ್ಸ್, 100 ಹರ್ಟ್ಸ್‌ನಲ್ಲಿ ಸುಮಾರು 8 ಡೆಸಿಬೆಲ್ ಇಳಿಕೆ. ಪೀಜೋ ಕಡೆ ಅದೇ ಬೆಲೆಗಳ ಲೋಪಾಸ್. ಸಾಲದು ಅನ್ನಿಸಿದರೆ ಎರಡನೇ ಆರ್ಡರ್ ಫಿಲ್ಟರ್ ಹಾಕಬಹುದು, ಆದರೆ ಆಗ ಕ್ರಾಸ್‌ಓವರ್ ಹತ್ತಿರ ಎರಡು ದಾರಿಗಳ ನಡುವೆ ಫಿಲ್ಟರೇ 180 ಡಿಗ್ರಿ ಅಂತರ ತರುತ್ತೆ, ಒಂದನ್ನ ತಿರುಗಿಸಬೇಕು. ಇದನ್ನ ಮರೆತರೆ ಅಷ್ಟು ಕಷ್ಟಪಟ್ಟು ಕಟ್ಟಿದ ಕ್ರಾಸ್‌ಓವರ್ ಜಾಗದಲ್ಲೇ ಗುಂಡಿ.

ತಡವನ್ನ ಕಣ್ಣಾರೆ ನೋಡಬೇಕಾ? ಎರಡೂ ಸಿಗ್ನಲ್‌ಗಳನ್ನ ಫಿಲ್ಟರ್ ಇಲ್ಲದೆ, ಆಡಾಸಿಟಿಯಲ್ಲಿ ಎರಡು ಟ್ರ್ಯಾಕಾಗಿ ರೆಕಾರ್ಡ್ ಮಾಡಿ, ಬ್ರಿಡ್ಜ್ ಮೇಲೆ ಬೆರಳಿಂದ ಒಮ್ಮೆ ತಟ್ಟಿ, ಝೂಮ್ ಮಾಡಿ. 48 ಕಿಲೋಹರ್ಟ್ಸ್ ರೆಕಾರ್ಡಿಂಗಲ್ಲಿ 15 ಸೆಂಟಿಮೀಟರ್ ಅಂದರೆ 21 ಸ್ಯಾಂಪಲ್. ಮೊದಲ ಏರು ಎರಡರಲ್ಲೂ ಒಂದೇ ಕಡೆಗಿದೆಯಾ ಅನ್ನೋದೂ ಅಲ್ಲೇ ಕಾಣುತ್ತೆ. ಮೈಕನ್ನ ಡಬಲ್ ಸೈಡ್ ಟೇಪಲ್ಲಿ ಅಂಟಿಸಿ ಜಾಗ ಬದಲಿಸ್ತಾ ಹೋಗಿ, ಎರಡು ಸೆಂಟಿಮೀಟರ್ ಸರಿದರೂ ದನಿ ಬದಲಾಗುತ್ತೆ. ಜಾಗ ಪಕ್ಕಾ ಆಗೋವರೆಗೂ ಗಿಟಾರಿಗೆ ಡ್ರಿಲ್ ಮುಟ್ಟಿಸಬೇಡಿ.

ಸ್ಟೇಜಿಗೆ ಬಂದರೆ, ಔಟ್‌ಪುಟ್ಟಿಗೆ ಸ್ಟೀರಿಯೋ ಜ್ಯಾಕ್ ಹಾಕಿ ಪೀಜೋ ಮತ್ತು ಮೈಕನ್ನ ಎರಡು ಚಾನೆಲ್‌ಗಳಾಗಿ ಹೊರಗೆ ಕೊಡೋದು ನಮ್ಮ ಪ್ರಕಾರ ಎಲ್ಲಕ್ಕಿಂತ ಒಳ್ಳೇದು. ಫಿಲ್ಟರ್ ಕೆಲಸ ಮಿಕ್ಸರಿನಲ್ಲೇ ಆಗಲಿ. ಕಾಲಬುಡದ ಮಾನಿಟರಿಗೆ ಪೀಜೋ ಮಾತ್ರ ಕಳಿಸಿ, ಸಭೆಗೆ ಎರಡನ್ನೂ. ಗಿಟಾರಿಗೆ ಹತ್ತಿರದ ಸ್ಪೀಕರಿನಲ್ಲಿ ಮೈಕಿನ ದನಿಯೇ ಇಲ್ಲದಿದ್ದರೆ ಆ ಮೈಕಿನ ಫೀಡ್‌ಬ್ಯಾಕ್ ಬಳಸೋ ಹತ್ತಿರದ ದಾರಿ ಮುಚ್ಚಿದ ಹಾಗೆ. ಸೌಂಡ್‌ಚೆಕ್‌ಗೆ ಐದೇ ನಿಮಿಷ ಕೊಟ್ಟರೆ ಪೀಜೋ ಮಟ್ಟ ಮೊದಲು ಕೂರಿಸಿ, ಮೈಕನ್ನ ನಿಧಾನ ಏರಿಸಿ, ಮರದ ದನಿ ಬಂತು ಅನ್ನಿಸಿದ ತಕ್ಷಣ ಕೈ ತೆಗೀರಿ. ಕೊನೆಗೆ ಮೂರನೇ ಫ್ರೆಟ್ಟಿನ ಆ 'ಜಿ' ಒಮ್ಮೆ ಜೋರಾಗಿ ಮೀಟಿ ನೋಡಿ, ಗುಂಯ್‌ಗುಟ್ಟಿದರೆ ಮೈಕ್ ಚಾನೆಲ್ಲಿನ ಲೋಕಟ್ ಇನ್ನೊಂಚೂರು ಮೇಲಕ್ಕೆ.